ನಾಯಿ ಜೊತೆ ತೋಟದ ಮನೆಗೆ ಹೊರಟಿದೀರಾ? ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ

ಹೋದ ತಿಂಗಳು ಇದೇ ಅಂಕಣದಲ್ಲಿ, ರಜೆಗೆ ಹೋಗೋವಾಗ ಮನೆ ನಾಯಿನ ಯಾರ ಹತ್ರ ಬಿಡೋದು ಅನ್ನೋ ಪ್ರಶ್ನೆಗೆ ಉತ್ತರ ಬರ್ದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಜನ, ಬಿಟ್ಟು ಯಾಕೆ ಹೋಗ್ಬೇಕು ಡಾಕ್ಟ್ರೇ, ಕರ್ಕೊಂಡೇ ಹೋಗ್ತೀವಿ, ಕೊಡಗು ಚಿಕ್ಕಮಗಳೂರು ಕಡೆ ಈಗ ಎಷ್ಟೊಂದು ಹೋಮ್‌ಸ್ಟೇಗಳಲ್ಲಿ ನಾಯಿ ತರಬಹುದು ಅಂತಾರಲ್ಲ ಅಂತ ಕೇಳಿದಾರೆ. ತುಂಬ ಖುಷಿ ಆಯ್ತು. ನಾನು ಸರ್ಕಾರಿ ಪಶು ಆಸ್ಪತ್ರೆ ಕೆಲಸದಲ್ಲಿ ಹೆಚ್ಚು ವರ್ಷ ಕಳೆದಿದ್ದು ಮಲೆನಾಡಲ್ಲೇ, ಹಂಗಾಗಿ ಈ ಸಲ ಪೂರ್ತಿ ಅಂಕಣ ಇದಕ್ಕೇ ಇಟ್ಟಿದೀನಿ.

ಪ್ರಶ್ನೆ: ನಮ್ಮದು ನಾಲ್ಕು ವರ್ಷದ ಲ್ಯಾಬ್ರಡಾರ್, ಹೆಸರು ಬ್ರೂನೋ. ದಸರಾ ರಜೇಲಿ ಸಕಲೇಶಪುರದ ಕಡೆ ಒಂದು ಹೋಮ್‌ಸ್ಟೇಗೆ ನಾಲ್ಕು ದಿನ ಹೋಗೋಣ ಅಂತಿದೀವಿ. ಆನ್‌ಲೈನಲ್ಲಿ 'ಪೆಟ್ ಫ್ರೆಂಡ್ಲಿ' ಅಂತ ಹಾಕಿದಾರೆ. ಅಷ್ಟು ಸಾಕಾ, ಇಲ್ಲ ಫೋನ್ ಮಾಡಿ ಇನ್ನೇನಾದ್ರೂ ಕೇಳ್ಬೇಕಾ?
(ಓದುಗರು, ರಾಜಾಜಿನಗರ, ಬೆಂಗಳೂರು)

ಉತ್ತರ: ಸಾಕಾಗಲ್ಲಮ್ಮ, ಫೋನ್ ಮಾಡಿ, ಅದೂ ಬುಕಿಂಗ್ ನೋಡ್ಕೊಳೋರಿಗಲ್ಲ, ತೋಟದ ಮನೇಲಿ ಇರೋರಿಗೇ ಮಾಡಿ. ಮೊದಲು ಕೇಳ್ಬೇಕಾದ್ದು ರಾತ್ರಿ ನಾಯಿ ಎಲ್ಲಿ ಮಲಗತ್ತೆ ಅಂತ. ರೂಮ್ ಒಳಗೆ ನಿಮ್ಮ ಜೊತೇಲೇ ಅಂದ್ರೆ ಸರಿ. ಹೊರಗೆ ಜಗಲೀಲಿ ಕಟ್ಟಿ, ಇಲ್ಲ ಅಂಗಳದಲ್ಲಿ ಗೂಡಿದೆ ಅಂದ್ರೆ ಬೇರೆ ಜಾಗ ನೋಡಿ, ಇದರಲ್ಲಿ ಚೌಕಾಸಿನೇ ಬೇಡ. ಚಿರತೆಗೆ ನಾಯಿ ಅಂದ್ರೆ ಸುಲಭದ ಊಟ, ಊರಂಚಿನ ಚಿರತೆಗಳು ಹೆಚ್ಚಾಗಿ ಹಿಡಿಯೋದೇ ನಾಯಿಗಳನ್ನ, ಅದರಲ್ಲೂ ಕಟ್ಟಿ ಹಾಕಿರೋ ನಾಯಿಗೆ ಓಡೋಕೂ ಆಗಲ್ಲ. ನಾನು ಸರ್ವಿಸಲ್ಲಿದ್ದಾಗ ಒಂದು ಕುಟುಂಬದವರು ಬೆಳಿಗ್ಗೆ ಏಳು ಗಂಟೆಗೆ ಆಸ್ಪತ್ರೆ ಬಾಗಿಲಿಗೆ ಬಂದಿದ್ರು, ಕೈಯಲ್ಲಿ ಸರಪಣಿ ಮತ್ತೆ ಕುತ್ತಿಗೆ ಪಟ್ಟಿ ಮಾತ್ರ ಇತ್ತು, ನಾಯಿ ಸಿಕ್ಕಿದ್ರೆ ಏನಾದ್ರೂ ಮಾಡ್ತೀರಾ ಸಾರ್ ಅಂತ ಕೇಳ್ತಿದ್ರು. ಆ ಮುಖಗಳನ್ನ ನಾನಿನ್ನೂ ಮರ್ತಿಲ್ಲ.

ಎರಡನೇದು, ಆ ಮನೇಲಿ ಎಷ್ಟು ನಾಯಿ ಇದಾವೆ ಅಂತ ಕೇಳಿ. ತೋಟದ ಮನೆ ಅಂದ್ಮೇಲೆ ಎರಡೋ ಮೂರೋ ಇದ್ದೇ ಇರ್ತಾವೆ, ಲೈನ್ ಮನೆ (ತೋಟದ ಕೆಲಸದೋರ ಮನೆ ಸಾಲು) ಕಡೆ ಇನ್ನೂ ನಾಲ್ಕು. ಅವು ಬಂದೋರನ್ನ ತಡೆಯೋಕೇ ಅಂತ ಸಾಕಿರೋ ನಾಯಿಗಳು, ನಿಮ್ಮ ಬ್ರೂನೋ ಕಾರಿಂದ ಧಪ್ ಅಂತ ಇಳಿದು ನೇರ ಅವುಗಳ ಅಂಗಳಕ್ಕೆ ನುಗ್ಗಿದ್ರೆ ಸುಮ್ನಿರಲ್ಲ. ಗೇಟ್ ಆಚೆನೇ ಕಾರ್ ನಿಲ್ಸಿ, ಅವರ ನಾಯಿನ ಒಬ್ರು ಹಿಡ್ಕೊಂಡು ನಿಮ್ಮದನ್ನ ನೀವು ಹಿಡ್ಕೊಂಡು ರಸ್ತೇಲಿ ಹತ್ತು ನಿಮಿಷ, ನಡುವೆ ಸ್ವಲ್ಪ ದೂರ ಬಿಟ್ಟು, ಪಕ್ಕಪಕ್ಕದಲ್ಲಿ ನಡೆಸಿ, ಆಮೇಲೆ ಒಟ್ಟಿಗೇ ಒಳಗೆ ಹೋಗಿ.

ಇನ್ನು ನಿಮ್ಮದು ಲ್ಯಾಬ್ರಡಾರ್ ಆಗಿರೋದ್ರಿಂದ ಇದನ್ನ ಒತ್ತಿ ಹೇಳ್ತೀನಿ. ದಸರಾ ಹೊತ್ತಿಗೆ ಮಳೆ ಬಿಟ್ಟಿರತ್ತೆ, ತೋಟಕ್ಕೆ ಗೊಬ್ಬರ ಕೊಡೋ ಟೈಮು. ಹರಳು ಹಿಂಡಿ ಅಂತ ಹಾಕ್ತಾರಲ್ಲ, ಹರಳೆಣ್ಣೆ ತೆಗೆದ ಮೇಲೆ ಉಳಿಯೋ ಹಿಂಡಿ, ಅದರ ವಾಸನೆ ನಾಯಿಗಳಿಗೆ ಬಹಳ ಇಷ್ಟ, ಬುಡ ಕೆರೆದು ತಿನ್ತಾವೆ. ಅದರಲ್ಲಿ ರಿಸಿನ್ ಅನ್ನೋ ವಿಷ ಉಳಿದಿರತ್ತೆ. ತಿಂದ ತಕ್ಷಣ ಏನೂ ಗೊತ್ತಾಗಲ್ಲ, ಕೆಲವು ಗಂಟೆ ಬಿಟ್ಟು, ಕೆಲವು ಸಲ ಮಾರನೇ ದಿನ, ವಾಂತಿ ರಕ್ತಭೇದಿ ಶುರು ಆಗತ್ತೆ, ಅದಕ್ಕೆ ಅಂತ ಪ್ರತಿವಿಷ ಇಲ್ಲ, ಡ್ರಿಪ್ ಹಾಕಿ ಉಳಿಸ್ಕೊಬೇಕು ಅಷ್ಟೆ. ಹಂಗೇ ಆಫ್ರಿಕನ್ ಬಸವನಹುಳಕ್ಕೆ ಅಂತ ಕೆಲವು ತೋಟಗಳಲ್ಲಿ ಮೆಟಾಲ್ಡಿಹೈಡ್ ಗುಳಿಗೆ ಚೆಲ್ಲಿರ್ತಾರೆ, ಅದೂ ನಾಯಿಗೆ ತಿಂಡಿ ಥರಾನೇ ಕಾಣತ್ತೆ, ತಿಂದ ಸ್ವಲ್ಪ ಹೊತ್ತಲ್ಲೇ ಮೈ ನಡುಗೋಕೆ ಶುರುವಾಗಿ ಫಿಟ್ಸ್ ಬರತ್ತೆ. ಈ ತಿಂಗಳು ತೋಟಕ್ಕೆ ಏನು ಹಾಕಿದೀರಾ, ಯಾವ ಬ್ಲಾಕಿಗೆ ಹಾಕಿದೀರಾ ಅಂತ ಕೇಳೋಕೆ ನಾಚ್ಕೋಬೇಡಿ, ಸರಿಯಾಗಿ ತೋಟ ನೋಡ್ಕೊಳೋರಿಗೆ ಇದು ನಾಲಿಗೆ ತುದೀಲೇ ಇರತ್ತೆ. ಇಲಿ ಪಾಷಾಣದ ವಿಷಯನೂ ಅದೇ ಫೋನಲ್ಲಿ ಕೇಳಿಬಿಡಿ.

ಆನೆ ಕಾಟಕ್ಕೆ ಆ ಕಡೆ ಐಬೆಕ್ಸ್ ಅನ್ನೋ ಕರೆಂಟ್ ಬೇಲಿ ಹಾಕಿರ್ತಾರೆ. ಶಾಕ್ ಹೊಡೆದ್ರೆ ನಾಯಿ ಸಾಯಲ್ಲ, ಆದ್ರೆ ಗಾಬರಿಗೆ ದಿಕ್ಕು ತಪ್ಪಿ ಎಲ್ಲಿಗೆ ಬೇಕಾದ್ರೂ ಓಡಿಬಿಡತ್ತೆ, ಹಂಗೆ ಕಳ್ಕೊಂಡೋರು ಇದಾರೆ. ಕುತ್ತಿಗೆ ಪಟ್ಟಿ ಮೇಲೆ ಫೋನ್ ನಂಬರ್ ಬರೆಸಿ.

ಕೊನೇದು, ಹತ್ತಿರದ ಪಶುವೈದ್ಯರು ಎಷ್ಟು ದೂರ ಅಂತ ಕೇಳಿ ಹೊರಡೋಕೆ ಮುಂಚೆನೇ ನಂಬರ್ ಸೇವ್ ಮಾಡ್ಕೊಳಿ. ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರ್, ಅಲ್ಲಿ ಪಶುವೈದ್ಯಕೀಯ ಕಾಲೇಜಿದೆ. 1962ಗೆ ಫೋನ್ ಮಾಡಿದ್ರೆ ಪಶು ಸಂಜೀವಿನಿ ಆಂಬುಲೆನ್ಸ್ ಸಿಗತ್ತೆ ನಿಜ, ಆದ್ರೆ ಅದು ಮುಖ್ಯವಾಗಿ ರೈತರ ದನಕರುಗಳಿಗೆ, ಅದನ್ನೇ ನಂಬ್ಕೊಂಡು ಕೂರ್ಬೇಡಿ, ಕಾರ್ ಇದ್ರೆ ನೀವೇ ಹೊರಡಿ.

ಪ್ರಶ್ನೆ: ಬೀದಿಯಿಂದ ತಂದು ಸಾಕಿರೋ ನಾಟಿ ನಾಯಿ ನಮ್ಮದು, ಎರಡು ವರ್ಷ. ವಿರಾಜಪೇಟೆ ಹತ್ರ ಸ್ನೇಹಿತರ ಮನೇಲಿ ಕೊಡವರ ಹಬ್ಬ ಕಕ್ಕಡ ಪದಿನೆಟ್ಟ್‌ಗೆ ಕರೆದಿದಾರೆ, ಮದ್ದು ಸೊಪ್ಪಿನ ಪಾಯಸಕ್ಕೆ. ಆಗಸ್ಟಲ್ಲಿ ಅಲ್ಲಿ ಇಂಬಳ (ಜಿಗಣೆ) ಜಾಸ್ತಿ ಅಂತಾರೆ, ನಾಯಿಗೆ ಏನೂ ಆಗಲ್ವಾ? ಕಾಲಿಗೆ ತಂಬಾಕು ಸುಣ್ಣ ಹಚ್ಚಿ ಅಂತ ಒಬ್ರು ಹೇಳಿದ್ರು.
(ಓದುಗರು, ಮೈಸೂರು)

ಉತ್ತರ: ತಂಬಾಕು ಮಾತ್ರ ಹಚ್ಚಬೇಡಿ! ನಾವು ಕಾಲಿಗೆ ಹಚ್ಕೊಂಡು ಹೋಗ್ತೀವಿ, ನಾಯಿ ಅದನ್ನ ನೆಕ್ಕತ್ತೆ, ನಿಕೋಟಿನ್ ನಾಯಿಗೆ ನೇರ ವಿಷ. ಸುಣ್ಣನೂ ಪಾದದ ಚರ್ಮ ಸುಡತ್ತೆ. ಒಂದು ಡಬ್ಬೀಲಿ ಉಪ್ಪು, ಇಲ್ಲಾಂದ್ರೆ ಗಟ್ಟಿ ಉಪ್ಪುನೀರಿನ ಬಾಟ್ಲಿ ಜೇಬಲ್ಲಿ ಇಟ್ಕೊಳಿ. ಇಂಬಳ ಕಂಡ ಕಡೆ ಸ್ವಲ್ಪ ಹಾಕಿದ್ರೆ ಅದೇ ಬಿಟ್ಟು ಬೀಳತ್ತೆ. ಕಿತ್ತು ಎಳೀಬೇಡಿ. ಬಿದ್ದ ಮೇಲೂ ರಕ್ತ ಬರ್ತಾನೇ ಇರತ್ತೆ, ರಕ್ತ ಹೆಪ್ಪುಗಟ್ಟದ ಹಾಗೆ ಅದು ಏನೋ ಬಿಟ್ಟಿರತ್ತೆ, ಹತ್ತಿ ಇಟ್ಟು ಒತ್ತಿ ಹಿಡೀರಿ, ಗಾಬರಿ ಬೇಡ. ಬೆರಳ ಸಂದಿ, ಕಿವಿ ಒಳಗೆ, ಹೊಟ್ಟೆ ಕೆಳಗೆ ಇಷ್ಟೂ ಕಡೆ ವಾಪಸ್ ಬಂದ ಮೇಲೆ ನೋಡಿ.

ಒಂದೇ ಒಂದು ಇಂಬಳಕ್ಕೆ ನಾನು ಹೆದರ್ತೀನಿ, ಮೂಗಿನ ಒಳಗೆ ಹೋಗೋದು. ತೋಡು ಕೆರೆ ನೀರು ಕುಡಿಯೋವಾಗ ಸಣ್ಣ ಮರಿ ಮೂಗಿಗೆ ಹತ್ತಿ ಅಲ್ಲೇ ಬೆಳೆಯತ್ತೆ. ಮನೆಗೆ ಬಂದು ಎರಡು ಮೂರು ವಾರ ಆದ್ಮೇಲೆ ನಾಯಿ ಸೀನ್ತಾ ಇರತ್ತೆ, ಒಂದೇ ಹೊಳ್ಳೆಯಿಂದ ರಕ್ತ ಬರತ್ತೆ, ಮೈಸೂರಲ್ಲಿ ಕೂತ ಡಾಕ್ಟ್ರಿಗೆ ಇಂಬಳ ಇರಬಹುದು ಅಂತ ಹೊಳೆಯಲ್ಲ. ನೀವೇ ಹೇಳಿ, ಕೊಡಗಿಗೆ ಹೋಗಿದ್ವಿ, ತೋಡಿನ ನೀರು ಕುಡಿದಿದೆ ಅಂತ. ಹಳೇ ಉಪಾಯ ಒಂದಿದೆ, ನಾಯಿಗೆ ಕೆಲವು ಗಂಟೆ ನೀರು ಕೊಡದೇ ಆಮೇಲೆ ಮೂಗಿನ ಹತ್ರ ತಣ್ಣೀರ ಬಟ್ಟಲು ಹಿಡಿದ್ರೆ ಇಂಬಳ ನೀರಿಗೆ ಹೊರಗೆ ತಲೆ ಹಾಕತ್ತೆ, ಆಗ ಚಿಮ್ಮಟದಲ್ಲಿ ಹಿಡೀಬಹುದು. ಇದನ್ನ ಮಾತ್ರ ಡಾಕ್ಟ್ರ ಕೈಯಲ್ಲೇ ಮಾಡಿಸಿ. ಅದಕ್ಕಿಂತ ಒಳ್ಳೇದು ಮನೆ ನೀರಿನ ಬಾಟ್ಲಿ ತಗೊಂಡು ಹೋಗಿ ಅದನ್ನೇ ಕುಡಿಸೋದು.

ಇಂಬಳಕ್ಕಿಂತ ಉಣುಗು ಕೆಟ್ಟದ್ದು. ಉಣುಗಿನಿಂದ ಬರೋ ಜ್ವರಕ್ಕೆ ನಾನು ನೋಡಿರೋಷ್ಟು ನಾಯಿಗಳು ಇನ್ಯಾವುದಕ್ಕೂ ಸೊರಗಿಲ್ಲ: ಊಟ ಬಿಡತ್ತೆ, ಒಸಡು ಬಿಳಿಚಿಕೊಳ್ಳತ್ತೆ, ಬಬೇಸಿಯಾ ಆದ್ರೆ ಮೂತ್ರ ಕಾಫಿ ಬಣ್ಣಕ್ಕೆ ತಿರುಗತ್ತೆ. ಈಗ ಅಗಿಯೋ ಮಾತ್ರೆಗಳಿದಾವೆ, ಕೆಲವು ಒಂದು ತಿಂಗಳು ಕೆಲವು ಮೂರು ತಿಂಗಳು ಕಾಪಾಡ್ತಾವೆ, ಹೊರಡೋಕೆ ಒಂದು ವಾರ ಮುಂಚೆನೇ ಕೊಡ್ಸಿ, ನಾಯಿಗೆ ಹಿಂದೆ ಯಾವಾಗಾದ್ರೂ ಫಿಟ್ಸ್ ಬಂದಿದ್ರೆ ಡಾಕ್ಟ್ರಿಗೆ ಮೊದಲೇ ಹೇಳಿ. ಕಚ್ಚಿರೋ ಉಣುಗನ್ನ ಚಿಮ್ಮಟದಲ್ಲಿ ಚರ್ಮದ ಬುಡಕ್ಕೇ ಹಿಡಿದು ನೆಟ್ಟಗೆ ಎಳೀರಿ, ಸೀಮೆಎಣ್ಣೆ ಬೇಡ, ಬೆಂಕಿಕಡ್ಡಿ ಬೇಡ. ಇನ್ನೊಂದು, ಇದು ನಿಮಗಲ್ಲ, ಡಿಸೆಂಬರ್‌ನಿಂದ ಮೇ ಒಳಗೆ ಸಾಗರ, ತೀರ್ಥಹಳ್ಳಿ, ಸಿದ್ದಾಪುರದ ಕಾಡಂಚಿಗೆ ನಾಯಿ ಕರ್ಕೊಂಡು ಹೋಗೋರಿಗೆ: 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡೋದೂ ಕಾಡಿನ ಉಣುಗಿನಿಂದಾನೇ, ನಾಯಿ ಮೈಗೆ ಹತ್ತಿದ ಉಣುಗು ನಿಮ್ಮ ಹಾಸಿಗೆವರೆಗೂ ಬರತ್ತೆ. ಸತ್ತ ಮಂಗ ಕಂಡ್ರೆ ಆ ದಾರಿ ಬಿಟ್ಟು ವಾಪಸ್ ಬಂದು ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಇಲಿ ಜ್ವರದ ಲಸಿಕೆ ಆಗಿದೆಯಾ ನೋಡಿ. ಮಳೆಗಾಲದ ಗದ್ದೆ ನೀರಲ್ಲಿ ಅದರ ಅಪಾಯ ಇರತ್ತೆ, ಮೊದಲ ಸಲ ಆದ್ರೆ ಎರಡು ಡೋಸ್ ಬೇಕು, ನಡುವೆ ಎರಡರಿಂದ ನಾಲ್ಕು ವಾರ, ಅಂದ್ರೆ ಜೂನ್ ಕೊನೇಲೇ ಶುರು ಮಾಡ್ಬೇಕು.

ಪ್ರಶ್ನೆ: ನಮ್ಮ ಮುಧೋಳ ನಾಯಿಗೆ ಹುಬ್ಬಳ್ಳ್ಯಾಗ ಓಡಾಕ ಜಾಗಾನ ಇಲ್ರಿ. ಯಲ್ಲಾಪುರ ಕಡೆ ತೋಟದ ಮನಿಗೆ ಹೋದಾಗ ಎರಡು ದಿನ ಬಿಟ್ಟು ಬಿಡೂನು ಅಂತ ಮಾಡೇವಿ. ಅಷ್ಟು ದೊಡ್ಡ ತೋಟ, ಓಡಲಿ ಬಿಡ್ರಿ ಅನ್ನಸ್ತದ.
(ಓದುಗರು, ಹುಬ್ಬಳ್ಳಿ)

ಉತ್ತರ: ಬಿಡಬೇಡಿ ಸರ್, ಕೈಮುಗಿದು ಕೇಳ್ಕೊತೀನಿ. ಮುಧೋಳ ಕಣ್ಣಿಂದ ಬೇಟೆ ಆಡೋ ತಳಿ, ಮೊಲನೋ ನವಿಲೋ ಕಣ್ಣಿಗೆ ಬಿದ್ರೆ ನಿಮ್ಮ ಕೂಗು ಅದರ ಕಿವಿಗೆ ಹೋಗಲ್ಲ. ಬಯಲಲ್ಲಿ ಅದು ಓಡೋದು ನೋಡೋಕೆ ಎಷ್ಟು ಚೆನ್ನ ಅಂತ ನನಗೂ ಗೊತ್ತು, ಆದ್ರೆ ಅಡಿಕೆ ತೋಟದ ಪಕ್ಕದ ಬೆಟ್ಟ ಬಯಲಲ್ಲ. ಕಾಡುಹಂದಿಗೆ ಅಂತ ಬೈಕ್‌ನ ಬ್ರೇಕ್ ತಂತಿಯಿಂದ ಉರುಳು ಹಾಕಿರ್ತಾರೆ, ಹಿಟ್ಟಿನ ಉಂಡೆ ಒಳಗೆ ಸಿಡಿಮದ್ದು ಇಟ್ಟಿರ್ತಾರೆ. ಎರಡೂ ಕಾನೂನುಬಾಹಿರ, ಎರಡೂ ಇದಾವೆ. ಸಿಡಿಮದ್ದು ಕಚ್ಚಿದ ನಾಯಿಯ ದವಡೆ ಹೊಲಿಯೋಕೆ ಕೂತಿದೀನಿ ನಾನು, ಹೊಲಿಯೋಕೆ ಅಲ್ಲಿ ಏನೂ ಉಳಿದಿರ್ಲಿಲ್ಲ.

ಹಂದಿ ಮೇಲೆ ಬಿದ್ರೆ ನಿಮ್ಮ ನಾಯಿ ಹಿಂದೆ ಸರಿಯಲ್ಲ ಅನ್ನೋದೂ ನಿಜ. ನಮ್ಮ ನಾಡಿನ ನಾಯಿಗಳ ಎದೆಗಾರಿಕೆಗೆ ಸಾವಿರ ವರ್ಷದ ಸಾಕ್ಷಿ ಇದೆ, ಮದ್ದೂರು ತಾಲೂಕಿನ ಆತಕೂರಲ್ಲಿ ಸಿಕ್ಕ ಕ್ರಿ.ಶ. 949ರ ಸುಮಾರಿನ ಶಾಸನ. ಗಂಗರ ದೊರೆ ಬೂತುಗ ತನ್ನ ವೀರ ಮಣಲೇರನಿಗೆ ಏನು ಬೇಕು ಕೇಳು ಅಂದಾಗ ಅವನು ಊರು ಕೇಳ್ಲಿಲ್ಲ, ಕಾಳಿ ಅನ್ನೋ ನಾಯಿನ ಕೇಳಿದ. ಆ ಕಾಳಿ ದೊಡ್ಡ ಹಂದಿ ಜೊತೆ ಹೋರಾಡಿ, ಹಂದಿನೂ ಸತ್ತು ತಾನೂ ಸತ್ತಿತು, ಅದಕ್ಕೆ ಕಲ್ಲು ನಿಲ್ಸಿದ್ರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಲ್ಲಿದೆ, ಒಮ್ಮೆ ಹೋಗಿ ನೋಡಿ, ನಾಯಿ ಹಂದಿ ಎರಡನ್ನೂ ಕೆತ್ತಿದಾರೆ. ನಿಮ್ಮ ನಾಯಿಗೆ ಆ ಗತಿ ಬೇಡ.

ಹತ್ತು ಹದಿನೈದು ಮೀಟರಿನ ಉದ್ದದ ಹಗ್ಗ ತಗೊಳಿ, ಕುತ್ತಿಗೆ ಪಟ್ಟಿಗಲ್ಲ, ಎದೆಗೆ ಹಾಕೋ ಹಾರ್ನೆಸ್ಸಿಗೆ ಕಟ್ಟಿ. ಕೊಯ್ಲಾದ ಗದ್ದೆ ಇದ್ರೆ ಯಜಮಾನ್ರನ್ನ ಕೇಳಿ ಅಲ್ಲಿ ಬೆಳಿಗ್ಗೆ ಒಂದು ಗಂಟೆ ಓಡಿಸಿ, ಜನವರಿ ಫೆಬ್ರವರೀಲಿ ಹೋದ್ರೆ ಗದ್ದೆ ಖಾಲಿ ಇರತ್ತೆ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದ ಒಳಗೆ ಮತ್ತೆ ಅಲ್ಲಿನ ಟ್ರೆಕ್ಕಿಂಗ್ ದಾರಿಗೆ ಸಾಕುನಾಯಿ ತಗೊಂಡು ಹೋಗೋ ಹಾಗೇ ಇಲ್ಲ. ಅದು ಸರಿಯಾದ ನಿಯಮ, ನಾಯಿಗಳ ಡಿಸ್ಟೆಂಪರ್ ಕಾಯಿಲೆ ಕಾಡುಪ್ರಾಣಿಗಳಿಗೂ ತಗಲತ್ತೆ, 2018ರಲ್ಲಿ ಗಿರ್ ಕಾಡಿನ ಸಿಂಹಗಳು ಸತ್ತಾಗ ಸಿಕ್ಕಿದ್ದು ಅದೇ ವೈರಸ್.

ಪ್ರಶ್ನೆ: ಕಾರಿಲ್ಲ. ನಾಯಿನ ರೈಲಲ್ಲಿ ಕರ್ಕೊಂಡು ಹೋಗಬಹುದಾ?
(ಓದುಗರು, ಯಶವಂತಪುರ)

ಉತ್ತರ: ಫಸ್ಟ್ ಎಸಿ ಇಲ್ಲಾ ಫಸ್ಟ್ ಕ್ಲಾಸಲ್ಲಿ ಇಬ್ಬರ ಕೂಪೆ ಅಥವಾ ನಾಲ್ಕು ಬರ್ತಿನ ಕ್ಯಾಬಿನ್ ಪೂರ್ತಿ ನಿಮ್ಮ ಹೆಸರಲ್ಲೇ ಇದ್ರೆ ಜೊತೇಲಿ ಕೂರಿಸ್ಕೊಬಹುದು. ಟೂ ಟಯರ್, ತ್ರೀ ಟಯರ್, ಸ್ಲೀಪರ್, ಚೇರ್ ಕಾರ್ ಯಾವುದರಲ್ಲೂ ಬಿಡಲ್ಲ. ಉಳಿದಿದ್ದು ಗಾರ್ಡ್ ವ್ಯಾನಿನ ಡಾಗ್ ಬಾಕ್ಸ್. ಕತ್ತಲು, ಸದ್ದು, ಒಂಟಿ, ನಾನಂತೂ ಅದನ್ನ ಯಾರಿಗೂ ಹೇಳಲ್ಲ. ಲಸಿಕೆ ಪುಸ್ತಕ ಇಟ್ಕೊಂಡು ಪಾರ್ಸೆಲ್ ಆಫೀಸಿಗೆ ಬೇಗನೇ ಹೋಗಿ. ಕೂಪೆ ಸಿಗ್ಲಿಲ್ಲ ಅಂದ್ರೆ ನಾಲ್ಕು ಜನ ಸೇರಿ ಟ್ಯಾಕ್ಸಿ ಮಾಡೋದು ಮೇಲು, ನಾಯಿ ಇರತ್ತೆ ಅಂತ ಡ್ರೈವರಿಗೆ ಮೊದಲೇ ಹೇಳಿ ಒಪ್ಪಿಸಿ.

ಪ್ರಶ್ನೆ: ನಾವು ತೀರ್ಥಹಳ್ಳಿ ಹತ್ರ ಸಣ್ಣ ಹೋಮ್‌ಸ್ಟೇ ನಡೆಸ್ತೀವಿ, ನಾನು ನನ್ನ ಯಜಮಾನ್ರು ಇಬ್ರೇ. ನಾಯಿ ಪ್ರೀತಿಯಿಂದಾನೇ ನಾಯಿ ತರಬಹುದು ಅಂತ ಇಟ್ಟಿದ್ವಿ. ಹೋದ ವರ್ಷ ಬಂದೋರ ನಾಯಿ ನಮ್ಮ ಕೋಳಿ ಮೂರು ಹಿಡೀತು, ಒಣಗೋಕೆ ಹಾಕಿದ್ದ ಅಡಿಕೆ ಮೇಲೆ ಉಚ್ಚೆ ಹೊಯ್ತು, ನಮ್ಮ ನಾಯಿ ಕಿವಿ ಹರೀತು. ಅವರು ನಗ್ತಾ 'ಅದಿನ್ನೂ ಮಗು' ಅಂದ್ರು. ಇನ್ಮೇಲೆ ನಾಯಿ ಬೇಡ ಅಂತ ಬೋರ್ಡ್ ಹಾಕೋಣ್ವಾ?
(ಓದುಗರು, ಶಿವಮೊಗ್ಗ ಜಿಲ್ಲೆ)

ಉತ್ತರ: ನಿಮ್ಮ ಪತ್ರ ಓದಿ ಮನಸ್ಸಿಗೆ ತುಂಬ ಬೇಜಾರಾಯ್ತಮ್ಮ. ಅಡಿಕೆ ಕಣ ಅಂದ್ರೆ ನಿಮ್ಮ ವರ್ಷದ ದುಡಿಮೆ, ಕಾಫಿ ಸೀಮೇಲಿ ನವೆಂಬರ್ ಆದ್ಮೇಲೆ ಕಣದ ತುಂಬ ಕಾಫಿ ಹರಡಿರ್ತಾರಲ್ಲ ಅದೂ ಹಂಗೇ, ಅದನ್ನ ಆಟದ ಮೈದಾನ ಅಂದ್ಕೊಂಡೋರು ಪೇಟೆಯೋರು. ಅವರಿಗೆ ಗೊತ್ತಿಲ್ಲ ಅಂತ ಬಿಟ್ಟುಬಿಡೋಕೂ ಆಗಲ್ಲ, ಕೋಳಿ ಸತ್ತಾಗ ನಕ್ಕಿದ್ದು ತಪ್ಪೇ.

ಆದ್ರೂ ಬೋರ್ಡ್ ಹಾಕ್ಬೇಡಿ ಅಂತ ನನ್ನ ಆಸೆ. ನಿಮ್ಮಂಥ ಮನೆಗಳು ಬಾಗಿಲು ಹಾಕಿದ್ರೆ ನಾಯಿ ಇರೋ ಜನ ರಜೇಲಿ ಅದನ್ನ ಗೊತ್ತಿಲ್ಲದೋರ ಹತ್ರ ಬಿಟ್ಟು ಹೋಗೋದೇ ಆಗತ್ತೆ. ನಿಯಮ ಮಾಡಿ, ಬುಕಿಂಗ್ ಆದ ದಿನವೇ ವಾಟ್ಸಾಪಲ್ಲಿ ಕಳಿಸಿ, ಒಪ್ಪಿದೀವಿ ಅಂತ ಉತ್ತರ ಬಂದ ಮೇಲೆನೇ ಅಡ್ವಾನ್ಸ್ ತಗೊಳಿ. ರೇಬೀಸ್ ಮತ್ತೆ ಉಳಿದ ಲಸಿಕೆಗಳ ಪುಟದ ಫೋಟೋ ಕಳಿಸ್ಬೇಕು. ಅಂಗಳ ತೋಟ ಎಲ್ಲಾ ಕಡೆ ಹಗ್ಗ ಕೈಯಲ್ಲೇ ಇರ್ಬೇಕು, ಕಣ ಕೊಟ್ಟಿಗೆ ಅಡಿಗೆಮನೆ ಕಡೆ ಬರೋ ಹಾಗಿಲ್ಲ. ಹೇಲು ಅವರೇ ಎತ್ಬೇಕು, ಅದಕ್ಕೆ ಒಂದು ಸಲಿಕೆ ಮತ್ತೆ ಗುಂಡಿ ತೋರಿಸ್ಬಿಡಿ. ಹಾನಿ ಆದ್ರೆ ಕಟ್ಟಿಕೊಡೋಕೆ ಅಂತ ಒಂದಿಷ್ಟು ಠೇವಣಿ, ಏನೂ ಆಗಿಲ್ಲ ಅಂದ್ರೆ ಹೊರಡೋ ದಿನ ವಾಪಸ್. ದುಡ್ಡಿನ ಮಾತು ಹೆಂಗೆ ಆಡೋದು ಅಂತ ಮಲೆನಾಡಿನೋರಿಗೆ ಸಂಕೋಚ ಜಾಸ್ತಿ, ಬರೆದು ಕಳಿಸಿದ್ರೆ ಬಾಯಲ್ಲಿ ಹೇಳೋ ಕಷ್ಟ ಇರಲ್ಲ.

ನಾಯಿಗೆ ಅಂತ ಒಂದೇ ರೂಮ್ ಇಡಿ, ಸಿಮೆಂಟ್ ನೆಲದ್ದು, ಕಾರ್ಪೆಟ್ ಬೇಡ. ನಾಯಿ ಬಂದು ಹೋದ ಮೇಲೆ ಗೋಡೆ ಮೂಲೆ, ಮಂಚದ ಸಂದಿ ಚೆನ್ನಾಗಿ ನೋಡಿಸಿ, ಕಂದು ಉಣುಗು ಮನೆ ಒಳಗೇ ಮೊಟ್ಟೆ ಇಡತ್ತೆ. ಒಂದೇ ಸಲಕ್ಕೆ ಎರಡು ಕುಟುಂಬದ ನಾಯಿ ತಗೋಬೇಡಿ. ನಿಮ್ಮ ನಾಯಿಗಳಿಗೂ ಪ್ರತಿ ವರ್ಷ ಲಸಿಕೆ ಹಾಕ್ಸಿ, ಬಂದೋರ ಮರಿಗೆ ನಿಮ್ಮದರಿಂದ ಪಾರ್ವೋ ಕಾಯಿಲೆ ತಗಲಿದ್ರೆ ಅದೂ ನೋವೇ. ಮತ್ತೆ ತೋಟಕ್ಕೆ ಗೊಬ್ಬರ, ಔಷಧಿ ಹೊಡೆದ ದಿನ ಯಾರೂ ಕೇಳ್ದೇ ಇದ್ರೂ ನೀವೇ ಹೇಳಿಬಿಡಿ. ಕಿವಿ ಹರಿದ ನಾಯಿ ಈಗ ಹೆಂಗಿದೆ? ಗಾಯದ ಜಾಗ ಊದ್ಕೊಂಡಿದ್ರೆ ಒಳಗೆ ರಕ್ತ ಕಟ್ಟಿರತ್ತೆ, ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಒಮ್ಮೆ ತೋರಿಸಿ.

ಪ್ರಶ್ನೆ: ಆಗುಂಬೆ ಘಾಟಿ ಇಳಿಯೋವಾಗ ನಮ್ಮ ಪಗ್ ಪ್ರತಿ ಸಲ ವಾಂತಿ ಮಾಡ್ಕೊಳತ್ತೆ.
(ಓದುಗರು, ಉಡುಪಿ)

ಉತ್ತರ: ಹದಿನಾಲ್ಕು ತಿರುವು, ಮನುಷ್ಯರಿಗೇ ತಲೆ ತಿರುಗತ್ತೆ. ಹೊರಡೋಕೆ ಮೂರು ನಾಲ್ಕು ಗಂಟೆ ಮುಂಚೆ ಊಟ ನಿಲ್ಸಿ, ನೀರು ಗುಟುಕು ಗುಟುಕಾಗಿ ಕೊಡ್ತಿರಿ. ಅದಕ್ಕೆ ಅಂತ ಮ್ಯಾರೋಪಿಟೆಂಟ್ ಮಾತ್ರೆ ಇದೆ, ಡಾಕ್ಟ್ರು ತೂಕ ನೋಡಿ ಬರ್ಕೊಡ್ತಾರೆ, ಮನುಷ್ಯರ ವಾಂತಿ ಮಾತ್ರೆ ಕೊಡ್ಬೇಡಿ. ಪಗ್ ಮೂಗು ಚಪ್ಪಟೆ, ಸೆಖೆ ತಡೆಯಲ್ಲ. ಏಪ್ರಿಲ್ ಮೇ ತಿಂಗಳಲ್ಲಿ ಕರಾವಳಿ ಕಡೆ ಐದು ನಿಮಿಷ ಅಂತ ಕಾರಲ್ಲಿ ಬಿಟ್ಟು ಹೋಟ್ಲಿಗೆ ಹೋಗೋದು ಅದರ ಜೀವಕ್ಕೇ ಬರಬಹುದು, ಕಿಟಕಿ ಇಳಿಸಿದ್ರೂ ಅಷ್ಟೆ. ಒಬ್ರು ಅದರ ಜೊತೆ ಹೊರಗೇ ನಿಲ್ಲಿ.

ಪ್ರಶ್ನೆ: ನಮ್ಮ ಚಿನ್ನುಗೆ ಹದಿಮೂರು ವರ್ಷ, ಹಿಂಗಾಲು ಎಳೀತಾಳೆ, ಕಣ್ಣು ಮಂಜು. ಮೊದಲೆಲ್ಲ ಪ್ರತಿ ವರ್ಷ ಮೂಡಿಗೆರೆ ಹತ್ರ ಒಂದೇ ಮನೆಗೆ ಹೋಗ್ತಿದ್ವಿ, ಮೂರು ವರ್ಷದಿಂದ ಹೋಗಿಲ್ಲ. ಈ ಸಲ ಕರ್ಕೊಂಡು ಹೋಗೋಣ ಅಂತ ಮಗಳ ಹಟ. ವಯಸ್ಸಾದೋಳಿಗೆ ತೊಂದ್ರೆ ಕೊಟ್ಟ ಹಾಗೆ ಆಗಲ್ವಾ?
(ಓದುಗರು, ತುಮಕೂರು)

ಉತ್ತರ: ಕರ್ಕೊಂಡು ಹೋಗಿ. ಕಣ್ಣು ಮಂಜಾದ್ರೂ ಮೂಗು ಇನ್ನೂ ಕೆಲಸ ಮಾಡ್ತಿರತ್ತೆ, ಆ ಮಣ್ಣು ಆ ಕೊಟ್ಟಿಗೆ ವಾಸನೆ ಅವಳಿಗೆ ನೆನಪಿರಬಹುದು. ಹೋಗೋ ಮುಂಚೆ ಒಂದು ರಕ್ತಪರೀಕ್ಷೆ ಮಾಡಿಸಿ, ಕಿಡ್ನಿ ಹೆಂಗಿದೆ ನೋಡಿ, ಆಮೇಲೆ ನೋವಿನ ಮಾತ್ರೆ ಡಾಕ್ಟ್ರು ಹೇಳಿದ ಲೆಕ್ಕದಲ್ಲಿ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಥರದ್ದು ಮನೇಲಿದೆ ಅಂತ ಕೊಡ್ಬೇಡಿ, ನಾಯಿಗೆ ಅಪಾಯ.

ನಾಲ್ಕು ದಿನ ಬೇಡ, ಎರಡು ರಾತ್ರಿ ಸಾಕು. ಮೆಟ್ಟಿಲಿಲ್ಲದ ಕೆಳಗಿನ ರೂಮ್ ಕೇಳಿ. ಆ ಕಡೆಯ ಹಳೇ ಮನೆಗಳಲ್ಲಿ ಕೆಂಪು ನೆಲ ನುಣ್ಣಗೆ ಜಾರತ್ತೆ, ಅವಳು ಓಡಾಡೋ ಜಾಗಕ್ಕೆ ನಾಲ್ಕು ಗೋಣಿಚೀಲ ಹಾಸಿ, ಅವರ ಮನೇಲೇ ಸಿಗತ್ತೆ. ಡಿಸೆಂಬರ್ ಜನವರಿ ಚಳಿಗೆ ಗಂಟುಗಳು ಹಿಡ್ಕೊಳ್ತಾವೆ, ಹೂಮಳೆ ಆದ್ಮೇಲೆ, ಮಾರ್ಚ್ ಕೊನೆಗೋ ಏಪ್ರಿಲ್ಲಿಗೋ, ಕಾಫಿ ಹೂ ಬಿಟ್ಟಿರೋ ಹೊತ್ತಿಗೆ ಹೋದ್ರೆ ಅವಳಿಗೂ ಹಿತ ನಿಮಗೂ ಹಿತ. ಗುಡ್ಡ ಹತ್ತಿಸ್ಬೇಡಿ, ಮೊದಲು ಅವಳು ಕೂರ್ತಿದ್ದ ಜಾಗ ಇರತ್ತಲ್ಲ, ಮಗಳಿಗೆ ಗೊತ್ತಿರತ್ತೆ, ಅಲ್ಲಿವರೆಗೆ ಎತ್ಕೊಂಡು ಹೋಗಿ ಕೂರಿಸಿ. ಮನೇಲಿ ಅವಳು ಮಲಗೋ ಕಂಬಳಿನೇ ತಗೊಂಡು ಹೋಗಿ, ಹೊರಡೋ ಮುಂಚೆ ಒಗೀಬೇಡಿ, ಕಣ್ಣು ಕಾಣದೋಳಿಗೆ ಹೊಸ ರೂಮಲ್ಲಿ ರಾತ್ರಿ ಆ ವಾಸನೆನೇ ಧೈರ್ಯ.